ಬ್ಯಾಗು ಬರದಿದ್ದರೂ ಪಯಣ ನಿಲ್ಲದಿರಲಿ: ಒಬ್ಬರೇ ವಿದೇಶಕ್ಕೆ ಹೋದವರಿಗೆ 10 ಸೂತ್ರಗಳು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹುಡುಗ ಹುಡುಗಿಯರು ಈಗ ಓದಿಗೆ, ನೌಕರಿಗೆ ಒಬ್ಬೊಬ್ಬರೇ ವಿದೇಶಕ್ಕೆ ಹೊರಡುತ್ತಾರೆ. ರಾತ್ರಿ ಬಸ್ಸು ಹಿಡಿದು ಬೆಂಗಳೂರು ಇಲ್ಲವೆ ಮುಂಬೈ, ಅಲ್ಲಿಂದ ದುಬೈ ಅಥವಾ ದೋಹಾದಲ್ಲಿ ವಿಮಾನ ಬದಲಿಸಿ ಮುಂದಿನ ದಾರಿ. ಬ್ಯಾಗು ಹಿಂದುಳಿಯುವುದು ಹೆಚ್ಚಾಗಿ ಈ ಬದಲಾವಣೆಯಲ್ಲೇ. ಹಾಗೆ ಹಿಂದುಳಿದವುಗಳಲ್ಲಿ ಬಹುಪಾಲು ತಡವಾಗಿಯಾದರೂ ಬಂದು ಸೇರುತ್ತವೆ. ಅಲ್ಲಿಯವರೆಗಿನ ದಿನಗಳನ್ನು ಕ್ರಮವಾಗಿ ದಾಟುವುದು ಹೀಗೆ.

1. ದೂರು ಬರೆಸದೆ ಹೊರಬೀಳಬೇಡಿ. ಬೆಲ್ಟ್ ನಿಂತರೂ ಬ್ಯಾಗು ಕಾಣದಿದ್ದರೆ ಅಲ್ಲಿಯೇ ಇರುವ ಬ್ಯಾಗೇಜ್ ಕೌಂಟರಿಗೆ ನಡೆಯಿರಿ. ಎರಡು ಮೂರು ಕಂಪನಿಗಳ ವಿಮಾನದಲ್ಲಿ ಬಂದಿದ್ದರೆ ಕೊನೆಯ ಕಂಪನಿಯಲ್ಲಿ ದೂರು ಕೊಡಿ. ಪಿಐಆರ್ ಎಂಬ ವರದಿಯ ಪ್ರತಿ ಕೇಳಿ ಪಡೆಯಿರಿ. ಅದರಲ್ಲಿರುವ ಸಂಖ್ಯೆಯಿಂದಲೇ ನಿಮ್ಮ ಬ್ಯಾಗಿನ ಹುಡುಕಾಟ ನಡೆಯುತ್ತದೆ.

2. ಬ್ಯಾಗಿನ ಗುರುತು ಬಿಡಿಸಿ ಹೇಳಿ. 'ಕರಿ ಬ್ಯಾಗು' ಎಂದರೆ ಅಂಥವು ನೂರಾರು ಇರುತ್ತವೆ. ಚೆಕ್-ಇನ್ ವೇಳೆ ಕೊಟ್ಟ ಟ್ಯಾಗ್ ಚೀಟಿಯ 10 ಅಂಕಿ, ಬ್ಯಾಗಿನ ಕಂಪನಿ, ಅಳತೆ ಹೇಳಿ. ಒಳಗಿನ ಸಾಮಾನನ್ನೂ ಬರೆಸಿ. ಟ್ಯಾಗು ಹರಿದಿದ್ದರೆ, ಬನಹಟ್ಟಿ ಸೀರೆ, ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ ಇರುವ ಬ್ಯಾಗು ನಿಮ್ಮದೇ ಎಂದು ಗುರುತಿಸುವುದು ಸುಲಭ.

3. ವಿಳಾಸ ಪೂರ್ತಿ ಕೊಡಿ. ಹಾಸ್ಟೆಲ್ ಹೆಸರು, ಕೋಣೆ ಸಂಖ್ಯೆ, ಪಿನ್‌ಕೋಡ್, ಅಲ್ಲಿ ನಡೆಯುವ ಫೋನ್ ನಂಬರ್ ಎಲ್ಲವೂ ಬೇಕು. ಎರಡು ದಿನದಲ್ಲಿ ಬೇರೆ ಊರಿಗೆ ಹೋಗುವುದಿದ್ದರೆ ಆ ವಿಳಾಸವನ್ನೂ ತಾರೀಖಿನೊಂದಿಗೆ ಬರೆಸಿ.

4. ಮನೆಗೆ ಫೋನ್ ಮಾಡಿ, ಇದ್ದದ್ದನ್ನು ಹೇಳಿ. "ಅವ್ವಾ, ನಾ ಆರಾಮ ಮುಟ್ಟೇನಿ. ಬ್ಯಾಗ್ ಹಿಂದಿಂದ ಬರ್ತೈತಿ. ರೊಕ್ಕ, ಪಾಸ್‌ಪೋರ್ಟ್ ನನ್ನ ಹತ್ರನ ಅದಾವ." ಇಷ್ಟು ಕೇಳಿದರೆ ಮನೆಯವರಿಗೆ ಧೈರ್ಯ ಬರುತ್ತದೆ. ಉದಾಹರಣೆಗೆ, ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ರಾತ್ರಿ 9 ಆದಾಗ ಮುಧೋಳದಲ್ಲಿ ಹನ್ನೆರಡೂವರೆ. ಹೊತ್ತು ನೋಡಿ ಮಾತಾಡಿ.

5. ಬೇಕಾದ್ದಷ್ಟೇ ಕೊಳ್ಳಿ, ರಸೀದಿ ಇಟ್ಟುಕೊಳ್ಳಿ. ಒಳಉಡುಪು, ಒಂದು ಜೊತೆ ಬಟ್ಟೆ, ಹಲ್ಲುಜ್ಜುವ ಸಾಮಾನು, ಚಳಿಯ ದೇಶವಾದರೆ ಕೋಟು. ಇಂಥ ಅಗತ್ಯದ ಖರ್ಚನ್ನು ವಿಮಾನ ಕಂಪನಿಯಿಂದ ಕೇಳಬಹುದು. ಕೊಂಡ ದಿನವೇ ರಸೀದಿಯ ಫೋಟೋ ತೆಗೆದಿಡಿ.

6. ಔಷಧಿಗೆ ಮೊದಲ ದಿನವೇ ದಾರಿ ನೋಡಿ. ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳನ್ನು ಹಲವು ದೇಶಗಳಲ್ಲಿ ಅಲ್ಲಿಯ ವೈದ್ಯರ ಚೀಟಿ ಇಲ್ಲದೆ ಕೊಡುವುದಿಲ್ಲ. ಅವರಿಗೆ ತೋರಿಸಲು ಊರಿನ ಡಾಕ್ಟರು ಬರೆದ ಚೀಟಿಯ ಫೋಟೋ ತರಿಸಿಕೊಳ್ಳಿ. ಕಂಪನಿಯ ಹೆಸರಿಗಿಂತ ಮದ್ದಿನ ಮೂಲ ಹೆಸರು ಅಲ್ಲಿ ಉಪಯೋಗಕ್ಕೆ ಬರುತ್ತದೆ.

7. ಬ್ಯಾಗಿನ ದಾರಿ ಕಾಯುತ್ತ ಕೋಣೆಯಲ್ಲಿ ಕೂರಬೇಡಿ. ಸಿಮ್ ಕಾರ್ಡ್, ಬ್ಯಾಂಕು, ಕಾಲೇಜಿನ ಹಾಜರಿ ಯಾವುದೂ ಬ್ಯಾಗಿಗಾಗಿ ನಿಲ್ಲುವುದಿಲ್ಲ. ಜರ್ಮನಿಯಲ್ಲಂತೂ ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಾಯಿಸಬೇಕು. ನಿನ್ನೆಯ ಬಟ್ಟೆಯಲ್ಲಿ ಹೋಗಲು ನಾಚಿಕೆ ಬೇಡ. ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಷಯ ತಿಳಿಸಿ. ಹಲವು ನಗರಗಳಲ್ಲಿ ಕನ್ನಡ ಕೂಟಗಳಿವೆ, ಸಂಕೋಚವಿಲ್ಲದೆ ಸಹಾಯ ಕೇಳಿ.

8. ಈ ಗಡುವುಗಳನ್ನು ಬರೆದಿಟ್ಟುಕೊಳ್ಳಿ. ವಿಮಾನ ಕಂಪನಿಗಳ ಹೊಣೆ ನಿಗದಿ ಮಾಡುವ 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿತು. ಅದರ ಪ್ರಕಾರ ಬ್ಯಾಗು ಒಡೆದು ಬಂದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಗೆ ಸಿಕ್ಕ ದಿನದಿಂದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಬರಬೇಕಾದ ದಿನದಿಂದ 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋಯಿತೆಂದು ಪರಿಹಾರ ಕೇಳಬಹುದು. ಪರಿಹಾರದ ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ ಅಂತರರಾಷ್ಟ್ರೀಯ ಹಣದ ಲೆಕ್ಕಮಾನದಲ್ಲಿ 1,519 ಎಸ್‌ಡಿಆರ್, ಅಂದರೆ ಸುಮಾರು 2,000 ಡಾಲರ್. ಅಷ್ಟೂ ತಾನಾಗಿ ಸಿಗುವುದಿಲ್ಲ, ನಷ್ಟವನ್ನು ತೋರಿಸಬೇಕು. ಕೋರ್ಟಿಗೆ ಹೋಗಲು 2 ವರ್ಷದ ಅವಧಿಯಿದೆ.

9. ವಿಮಾನ ಕಂಪನಿಯಿಂದ ಉತ್ತರ ಬಾರದಿದ್ದರೆ ಬಿಡಬೇಡಿ. ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ ಪ್ರಕರಣ ಹೂಡಬಹುದು. ಊರಿಗೆ ಮರಳಿದವರಿಗೆ ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗವೇ ಸಾಕು, ಬೆಂಗಳೂರಿಗೆ ಅಲೆಯಬೇಕಿಲ್ಲ.

10. ಇನ್ನೂ ಹೊರಡದವರು ಕೈಚೀಲವನ್ನು ಸರಿಯಾಗಿ ತುಂಬಿ. ಪಾಸ್‌ಪೋರ್ಟ್, ಮೂಲ ಅಂಕಪಟ್ಟಿಗಳು, ಪ್ರವೇಶ ಪತ್ರ, ಕೆಲವು ದಿನದ ಮಾತ್ರೆ, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆ, ಚಾರ್ಜರ್ ಕೈಯಲ್ಲೇ ಇರಲಿ. ಪವರ್ ಬ್ಯಾಂಕನ್ನು ದೊಡ್ಡ ಬ್ಯಾಗಿಗೆ ಹಾಕುವಂತೆಯೇ ಇಲ್ಲ. ಬ್ಯಾಗು ಮುಚ್ಚುವ ಮೊದಲು ಒಳಗೂ ಹೊರಗೂ ಫೋಟೋ ತೆಗೆಯಿರಿ.

ಮನೆಯ ಹಿರಿಯರಿಗೂ ಒಂದು ಮಾತು. ರೊಟ್ಟಿ, ಚಟ್ನಿ, ಹಪ್ಪಳವನ್ನು ಅಕ್ಕರೆಯಿಂದ ಕಟ್ಟಿಕೊಡಿ. ಆದರೆ ಮಕ್ಕಳನ್ನು ಬಸ್ಸು ಹತ್ತಿಸುವ ಮೊದಲು ಅಂಕಪಟ್ಟಿ ಮತ್ತು ಮಾತ್ರೆ ಯಾವ ಚೀಲದಲ್ಲಿವೆ ಎಂದು ಒಮ್ಮೆ ಕೇಳಿ.