ಗರಡಿ ಮನೆಯ ಮೊದಲ ಪಾಠ



ಬೇಸಿಗೆ ರಜೆಯಲ್ಲಿ ನಾನು ಬೆಂಗಳೂರಿಗೆ ನಮ್ಮ ಸೋದರಮಾವನ ಮನೆಗೆ ಹೋಗಿದ್ದೆ. ಬೆಳಗಿನ ಜಾವ ಬಸ್ಸು ಮೆಜೆಸ್ಟಿಕ್‌ನಲ್ಲಿ ಇಳಿಸಿತು. ಮೆಜೆಸ್ಟಿಕ್ ಎಂಬುದು ಅಲ್ಲಿದ್ದ ಒಂದು ಸಿನಿಮಾ ಟಾಕೀಸಿನ ಹೆಸರು. ಈಗ ಬಸ್ ನಿಲ್ದಾಣ ಇರುವ ಜಾಗ ಹಿಂದೆ ಧರ್ಮಾಂಬುಧಿ ಕೆರೆಯಾಗಿತ್ತು ಎಂದು ಮಾವ ಹೇಳಿದರು. ನೀರಿನ ಗುರುತೇ ಇಲ್ಲ, ಬರೀ ಬಸ್ಸು!

ಮಾವನ ಮನೆ ಪೇಟೆಯ ಗಲ್ಲಿಯೊಳಗೆ. ನಡೆದುಕೊಂಡು ಹೋಗುವಾಗ ಒಂದು ಹೆಂಚಿನ ಮನೆಯಿಂದ ‘ಹುಂ, ಹುಂ’ ಎಂದು ಸದ್ದು ಬಂತು. ಇಣುಕಿದೆ. ಒಳಗೆ ಆಂಜನೇಯನ ಪಟ, ಅದರ ಮುಂದೆ ದೀಪ, ಮೂಲೆಯಲ್ಲಿ ಗದೆಗಳು, ನಡುವೆ ಕೆಂಪು ಮಣ್ಣಿನ ಅಖಾಡ. ಐದಾರು ಜನ ಸಾಲಾಗಿ ಬಸ್ಕಿ ಹೊಡೆಯುತ್ತಿದ್ದರು. ಅದು ಗರಡಿ ಮನೆ. ನಮ್ಮೂರಲ್ಲೂ ಗರಡಿ ಇದೆ, ಆದರೆ ನಾನು ಅದರಲ್ಲಿ ಗೊಬ್ಬರದ ಮೂಟೆ ಬಿಟ್ಟು ಬೇರೇನೂ ಕಂಡವನಲ್ಲ.

ಬೆಂಗಳೂರು ಪೇಟೆಯ ಗರಡಿಗಳಿಗೂ ಕರಗಕ್ಕೂ ಹಳೇ ನಂಟು. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಚೈತ್ರ ಹುಣ್ಣಿಮೆ ರಾತ್ರಿ ಕರಗ ಹೊರಡುವಾಗ ಕತ್ತಿ ಹಿಡಿದ ವೀರಕುಮಾರರು ಜೊತೆಯಲ್ಲಿ ನಡೆಯುತ್ತಾರೆ. ಇನ್ನೊಂದು ವಿಷಯ: ‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಅವರು ದೊಡ್ಡ ವ್ಯಾಯಾಮ ಗುರುಗಳು. ಜೆ.ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರು. ಕಾದಂಬರಿ ಬರೆಯುವವರು ದಂಡ ಹೊಡೆಯುವುದಿಲ್ಲ ಎಂದುಕೊಂಡಿದ್ದೆ, ತಪ್ಪು.

ಮರುದಿನ ಮಾವ ನನ್ನನ್ನು ಉಸ್ತಾದರ ಬಳಿ ಬಿಟ್ಟರು. ಫೀಸು ಇಲ್ಲ. ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು ನಮಸ್ಕಾರ ಮಾಡಿದೆ. ಒಳ್ಳೊಳ್ಳೆ ಪಟ್ಟು ಹೇಳಿಕೊಡುತ್ತಾರೆ, ಊರಿಗೆ ಹೋಗಿ ಎಲ್ಲರನ್ನೂ ಕೆಡವಬಹುದು ಎಂಬ ಆಸೆ ನನಗೆ. ಉಸ್ತಾದರು ಕೇಳಿದ್ದು ಒಂದೇ ಮಾತು, “ಬೀಳೋಕೆ ಬರ್ತದೇನಪ್ಪಾ?” ನಾನು ನಕ್ಕುಬಿಟ್ಟೆ. ಬೀಳುವುದನ್ನು ಯಾರಾದರೂ ಕಲೀತಾರಾ?

ನನಗಿಂತ ಚಿಕ್ಕ ಹುಡುಗನೊಬ್ಬ ಕಾಲು ಕೊಟ್ಟು ಎಳೆದ. ಬೀಳುವಾಗ ಅಂಗೈಯನ್ನು ನೆಟ್ಟಗೆ ನೆಲಕ್ಕೆ ಊರಿದೆ. ಮಣಿಕಟ್ಟು ಬದನೇಕಾಯಿಯಂತೆ ಊದಿತು. ಎಂಟು ದಿನ ಕುಸ್ತಿ ಇಲ್ಲ, ನೋಡುವುದು ಮಾತ್ರ. ಆ ಎಂಟು ದಿನದಲ್ಲೇ ನಾನು ಹೆಚ್ಚು ಕಲಿತೆ.

ಬೀಳುವ ಕ್ರಮ ಹೀಗೆ: ಗದ್ದವನ್ನು ಎದೆಗೆ ಒತ್ತಬೇಕು, ಆಗ ತಲೆಯ ಹಿಂಭಾಗ ನೆಲಕ್ಕೆ ಬಡಿಯುವುದಿಲ್ಲ. ಬಾಯಿ ಮುಚ್ಚಿರಬೇಕು, ನಾಲಿಗೆ ಹಲ್ಲಿನ ನಡುವೆ ಸಿಗಬಾರದು. ಉಸಿರು ಬಿಗಿ ಹಿಡಿಯಬಾರದು. ಕೈ ನೆಟ್ಟಗೆ ಊರಿದರೆ ಮೈಯ ಭಾರವೆಲ್ಲ ಮಣಿಕಟ್ಟಿಗೆ ಬಂದು ಮೂಳೆ ಮುರಿಯಬಹುದು. ಬದಲಿಗೆ ಭುಜದ ಮೇಲೆ ಉರುಳಬೇಕು. ಆಗ ಭಾರ ಮೈತುಂಬಾ ಹಂಚಿಹೋಗುತ್ತದೆ.

ಮಣ್ಣಿನ ವಿಷಯವನ್ನೂ ಹೇಳಬೇಕು. ಕೆಮ್ಮಣ್ಣನ್ನು ಜರಡಿ ಹಿಡಿದು, ಕಲ್ಲು ತೆಗೆದು, ಅರಿಶಿನ, ಎಣ್ಣೆ, ಮಜ್ಜಿಗೆ ಬೆರೆಸುತ್ತಾರೆ. ದಿನವೂ ಗುದ್ದಲಿಯಿಂದ ಸಡಿಲ ಮಾಡುತ್ತಾರೆ. ಇದು ಯಾಕೆ? ಒಂಬತ್ತನೇ ತರಗತಿಯ ವಿಜ್ಞಾನ ಪಾಠ ನೆನಪಿಸಿಕೊಳ್ಳಿ: ಕ್ರಿಕೆಟ್ ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆಯುತ್ತೇವಲ್ಲ, ನಿಲ್ಲುವುದಕ್ಕೆ ಹೆಚ್ಚು ಸಮಯ ಸಿಕ್ಕಷ್ಟೂ ಪೆಟ್ಟು ಕಡಿಮೆ. ಸಡಿಲ ಮಣ್ಣು ಮೈಗೆ ಆ ಸಮಯ ಕೊಡುತ್ತದೆ. ಗಟ್ಟಿ ನೆಲ ಕೊಡುವುದಿಲ್ಲ. ಕಳೆದ ವರ್ಷ ನಾವು ಗಟ್ಟಿ ನೆಲದಲ್ಲಿ ಕಬಡ್ಡಿ ಆಡುವಾಗ ಒಬ್ಬ ಗೆಳೆಯನ ಕೈ ಮುರಿಯಿತು. ‘ಹಣೆಬರಹ’ ಎಂದರು. ಅವನೂ ನನ್ನ ಹಾಗೇ ಕೈ ಊರಿದ್ದ. ಹೇಳಿಕೊಟ್ಟವರು ಯಾರೂ ಇರಲಿಲ್ಲ.

ಮಣ್ಣಿನಲ್ಲಿ ಕಲಿತವರು ದೂರವೂ ಹೋಗಿದ್ದಾರೆ. ಮಹಾರಾಷ್ಟ್ರದ ಹಳ್ಳಿಯ ಕೆ.ಡಿ. ಜಾಧವ್ ಮಣ್ಣಿನ ಅಖಾಡದಲ್ಲಿ ಬೆಳೆದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆರನೆಯವರಾದರು, 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬರೇ ಆಡಿ ಗೆದ್ದ ಮೊದಲ ಒಲಿಂಪಿಕ್ ಪದಕ ಅದು.

ಒಂದು ದಿನ ಮಾವನ ಮಗಳೂ ನನ್ನ ಜೊತೆ ಬಂದಳು. ಹೊಸ್ತಿಲಲ್ಲೇ ತಡೆದರು. ಹೆಣ್ಣುಮಕ್ಕಳು ಅಖಾಡಕ್ಕೆ ಇಳಿಯುವ ಪದ್ಧತಿ ಇಲ್ಲವಂತೆ. ಅವಳು ಏನೂ ಹೇಳದೆ ಮನೆಗೆ ಹೋಗಿ, ಹಾಸಿಗೆ ಹಾಸಿ, ನನಗೆ ಬಿದ್ದು ತೋರಿಸಿದಳು. ಗದ್ದ ಎದೆಗೆ, ಕೈ ಪಕ್ಕಕ್ಕೆ ಚಟ್ ಎಂದು ಬಡಿದು, ಸರಿಯಾಗಿ! ಅವಳು ಬಡಾವಣೆಯ ಮಕ್ಕಳ ಜೊತೆ ಭಾನುವಾರ ಜೂಡೋ ಕಲಿಯುತ್ತಾಳೆ. 1882ರಲ್ಲಿ ಜಪಾನಿನ ಜಿಗೊರೊ ಕಾನೊ ಎಂಬ ಮೇಷ್ಟ್ರು ಆರಂಭಿಸಿದ ವಿದ್ಯೆ ಅದು. ಅಲ್ಲೂ ಮೊದಲು ಬೀಳುವುದನ್ನೇ ಕಲಿಸುತ್ತಾರೆ, ‘ಉಕೆಮಿ’ ಎಂದು ಅದರ ಹೆಸರು. 2016ರಲ್ಲಿ ರಿಯೊದಲ್ಲಿ ಸಾಕ್ಷಿ ಮಲಿಕ್ ಕುಸ್ತಿಯಲ್ಲೇ ಕಂಚು ಗೆದ್ದದ್ದು ಉಸ್ತಾದರಿಗೂ ಗೊತ್ತು. ನಾನು ಕೇಳಿದಾಗ, “ಅದು ಮ್ಯಾಟ್ ಮೇಲೆ ಕಣಪ್ಪಾ” ಎಂದು ಸುಮ್ಮನಾದರು. ಅವರ ಮೇಲೆ ನನಗೆ ತುಂಬಾ ಗೌರವ. ಆದರೆ ಈ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಪೆಟ್ಟು ಬೀಳುವಾಗ ಮೂಳೆ ಹುಡುಗನದೋ ಹುಡುಗಿಯದೋ ಎಂದು ನೆಲ ಕೇಳುವುದಿಲ್ಲವಲ್ಲ.

ಊರಿಗೆ ಬಂದ ಮೇಲೆ ನಮ್ಮ ಗರಡಿಯ ಬೀಗದ ಕೈ ಇರುವ ಅಜ್ಜನನ್ನು ಕೇಳಿದೆ. ಮೂಟೆ ತೆಗೆದು ಪಕ್ಕಕ್ಕೆ ಜೋಡಿಸಿಕೊಳ್ಳಿ ಎಂದರು. ಒಳಗೆ ಮಣ್ಣು ಕಲ್ಲಿನಂತಾಗಿದೆ. ಬರುವ ಭಾನುವಾರ ಬೆಳಿಗ್ಗೆ 6 ಗಂಟೆಗೆ ಅಗೆಯುತ್ತೇವೆ. ಗುದ್ದಲಿ, ಜರಡಿ ಇದ್ದವರು ತನ್ನಿ. ಅರಿಶಿನವನ್ನು ಮನೆಯಲ್ಲಿ ಕೇಳಿ ತನ್ನಿ, ಕೇಳದೆ ತರಬೇಡಿ. ಇದುವರೆಗೆ 9 ಜನ ಹೆಸರು ಕೊಟ್ಟಿದ್ದಾರೆ. ಅದರಲ್ಲಿ ಇಬ್ಬರು ಹುಡುಗಿಯರು. ಪಟ್ಟಿಯನ್ನು ಅಜ್ಜನಿಗೆ ಓದಿ ಹೇಳಿದೆ. ಎಲೆ ಅಡಿಕೆ ಜಗಿಯುತ್ತಾ ಕೇಳಿಸಿಕೊಂಡರು. ಇನ್ನೂ ಏನೂ ಹೇಳಿಲ್ಲ.