ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಬೀಜ ಪರೀಕ್ಷೆಯ ತರಬೇತಿ

ಮುಂಗಾರಿನ ಹದಕ್ಕೆ ಶೇಂಗಾ ಬಿತ್ತಿದ ರೈತನಿಗೆ ಹತ್ತು ದಿನಗಳ ನಂತರ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಸಸಿ ಕಂಡರೆ ಆಗುವ ನಷ್ಟ ಅಷ್ಟಿಷ್ಟಲ್ಲ. ಬೀಜಕ್ಕೆ ಹಾಕಿದ ಹಣ ಹೋಗುತ್ತದೆ, ಹದ ಕಳೆಯುತ್ತದೆ, ಮರುಬಿತ್ತನೆಗೆ ಮಳೆ ಕಾದಿರುವುದಿಲ್ಲ. ಆ ಬೀಜದ ಗುಣವನ್ನು ಒಂದು ಗೋಣಿತಾಟಿನ ನೆರವಿನಿಂದ ಮೊದಲೇ ತಿಳಿಯಬಹುದು. ಊರಿನ ಪ್ರೌಢಶಾಲೆಯ ವಿದ್ಯಾರ್ಥಿಗಳೇ ಈ ಕೆಲಸವನ್ನು ಕಲಿತು ಮಾಡಬಲ್ಲರು.

ಹಿನ್ನೆಲೆ

ಕೈಕೆಲಸದ ಮೂಲಕ ಶಿಕ್ಷಣವೆಂಬ ವಿಚಾರ ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಮೂಲಶಿಕ್ಷಣದ ಯೋಜನೆಯನ್ನು ದೇಶದ ಮುಂದಿಟ್ಟರು. 1964-66ರ ಕೊಠಾರಿ ಆಯೋಗವು ಶಾಲೆಗಳಲ್ಲಿ ಕಾರ್ಯಾನುಭವ ಇರಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯವರಿಗೆ ಹತ್ತು ದಿನಗಳ ಚೀಲರಹಿತ ಅವಧಿಯನ್ನು ಸೂಚಿಸಿ, ಹನ್ನೆರಡನೆಯ ತರಗತಿಯವರೆಗೂ ರಜಾದಿನಗಳಲ್ಲಿ ಇಂತಹ ತರಬೇತಿಗೆ ಅವಕಾಶ ಕೊಡಬಹುದೆಂದಿದೆ. ಆದರೆ ಮಕ್ಕಳಿಂದ ಶಾಲೆಯ ಅಂಗಳ ಗುಡಿಸಿಸಿ, ಗಿಡಕ್ಕೆ ನೀರು ಹಾಕಿಸಿದ ಮಾತ್ರಕ್ಕೆ ಅದು ವೃತ್ತಿ ತರಬೇತಿಯಾಗದು. ಅಳೆದು, ಎಣಿಸಿ, ಬರೆದು, ಅದರಿಂದ ಒಂದು ನಿರ್ಧಾರಕ್ಕೆ ಬರುವಂತಹ ಕೆಲಸ ಬೇಕು.

ಪರೀಕ್ಷೆಯ ಕ್ರಮ

ಶಾಲೆ ಪ್ರಾರಂಭವಾಗುವ ಕಾಲಕ್ಕೇ ಮುಂಗಾರು ಬಿತ್ತನೆಯ ಸಿದ್ಧತೆಯೂ ನಡೆದಿರುತ್ತದೆ. ಮನೆಯಲ್ಲಿ ಕಾಯ್ದಿರಿಸಿದ ಬೀಜಕ್ಕೆ ಈ ಪರೀಕ್ಷೆ ಬಹಳ ಅಗತ್ಯ.

1. ಚೀಲದ ಮೇಲೆ, ನಡುವೆ, ತಳದಲ್ಲಿ, ಹೀಗೆ ಹಲವು ಕಡೆಯಿಂದ ಬೀಜ ತೆಗೆದು ಬೆರೆಸಬೇಕು. ದಪ್ಪ ಕಾಳುಗಳನ್ನೇ ಆರಿಸಿದರೆ ಫಲಿತಾಂಶ ಸುಳ್ಳಾಗುತ್ತದೆ.

2. ಅದರಿಂದ ನೂರು ನೂರರಂತೆ ನಾಲ್ಕು ಗುಂಪು, ಒಟ್ಟು 400 ಬೀಜ ಎಣಿಸಬೇಕು.

3. ತೊಳೆದ ಗೋಣಿತಾಟನ್ನು ನೆನೆಸಿ, ಹಿಂಡಿ, ಹತ್ತು ಸಾಲಿಗೆ ಹತ್ತರಂತೆ ಬೀಜ ಜೋಡಿಸಿ, ಸುರುಳಿ ಸುತ್ತಿ ನೆರಳಿನಲ್ಲಿಡಬೇಕು. ತೇವ ಆರಬಾರದು, ನೀರೂ ನಿಲ್ಲಬಾರದು.

4. ಶೇಂಗಾ ಮತ್ತು ಜೋಳವನ್ನು 10ನೆಯ ದಿನ, ರಾಗಿಯನ್ನು 8ನೆಯ ದಿನ, ಭತ್ತವನ್ನು 14ನೆಯ ದಿನ ಕೊನೆಯದಾಗಿ ಎಣಿಸಬೇಕು. ಬೇರು, ಕುಡಿ ಎರಡೂ ಸರಿಯಾಗಿ ಬಂದ ಸಸಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಪ್ರಮಾಣಿತ ಬೀಜದಲ್ಲಿ ಭತ್ತಕ್ಕೆ ಶೇಕಡ 80, ರಾಗಿ, ಜೋಳ ಮತ್ತು ತೊಗರಿಗೆ 75, ಶೇಂಗಾಕ್ಕೆ 70 ಕನಿಷ್ಠ ಮೊಳಕೆ ಇರಬೇಕು. ಪರೀಕ್ಷೆಯ ಫಲವನ್ನು ಈ ಅಂಕಿಗಳೊಡನೆ ಹೋಲಿಸಬೇಕು.

ಲೆಕ್ಕ ಹಾಕುವ ಬಗೆ

ನಾಲ್ಕು ಗುಂಪುಗಳಲ್ಲಿ 57, 63, 62, 58 ಶೇಂಗಾ ಮೊಳೆತವೆಂದುಕೊಳ್ಳೋಣ. ಒಟ್ಟು 240, ಅಂದರೆ ಶೇಕಡ 60. ಶೇಕಡ 70 ಮೊಳಕೆಯ ಬೀಜ ಹೆಕ್ಟೇರಿಗೆ 100 ಕಿಲೋ ಬೇಕಾಗುವಲ್ಲಿ, ಈ ಬೀಜ ಸುಮಾರು 117 ಕಿಲೋ ಬೇಕು (100 × 70 ÷ 60). ಗಣಿತದ ತರಗತಿಯ ಅನುಪಾತ ಇಲ್ಲಿ ಹೊಲಕ್ಕೆ ಇಳಿಯುತ್ತದೆ. ಮೊಳಕೆ ಅರ್ಧಕ್ಕಿಂತ ಕಡಿಮೆಯಿದ್ದರೆ ಹೆಚ್ಚು ಬೀಜ ಸುರಿಯುವುದು ಪರಿಹಾರವಲ್ಲ. ಅಂತಹ ಬೀಜದ ಕಸುವೂ ಕುಗ್ಗಿರುತ್ತದೆ; ಬೀಜವನ್ನೇ ಬದಲಿಸಬೇಕು. ಒಂದು ಗುಂಪಿಗೂ ಮತ್ತೊಂದಕ್ಕೂ ಬಹಳ ಅಂತರ ಬಂದರೆ ಪರೀಕ್ಷೆಯನ್ನು ಪುನಃ ಮಾಡಬೇಕು.

ರೈತರ ಹೊಲದಲ್ಲಿ ಮುಂದಿನ ಪಾಠ

ಪರೀಕ್ಷೆ ಮಾಡಿದ ಬೀಜವನ್ನು ಬಿತ್ತಿದ ಹೊಲಕ್ಕೆ ವಿದ್ಯಾರ್ಥಿಗಳು ಹೋಗಿ, ಒಂದು ಮೀಟರ್ ಉದ್ದದ ಸಾಲಿನಲ್ಲಿ ಎಷ್ಟು ಸಸಿ ಬಂದಿವೆಯೆಂದು ಹಲವು ಕಡೆ ಎಣಿಸಬೇಕು. ತಾಟಿನಲ್ಲಿ ಮೊಳೆತಷ್ಟು ಹೊಲದಲ್ಲಿ ಮೊಳೆಯುವುದಿಲ್ಲ. ಏಕೆ? ಬಿತ್ತಿದ ಆಳ ಹೆಚ್ಚಾಯಿತೇ, ಮೇಲ್ಮಣ್ಣು ಹೆಪ್ಪುಗಟ್ಟಿತೇ, ಇರುವೆ ತಿಂದಿತೇ ಎಂಬುದನ್ನು ಮಣ್ಣು ಕೆದಕಿ ನೋಡಬೇಕು. ಈ ಪ್ರಶ್ನೆಗಳಿಗೆ ಪುಸ್ತಕಕ್ಕಿಂತ ಬೇಸಾಯಗಾರನೇ ಚೆನ್ನಾಗಿ ಉತ್ತರ ಹೇಳಬಲ್ಲ. ಆ ಹೊತ್ತು ಅವನೇ ಮೇಷ್ಟರು.

ಎಚ್ಚರಿಕೆಯ ಅಂಶಗಳು

ತರಬೇತಿಯ ಹೆಸರಿನಲ್ಲಿ ಮಕ್ಕಳನ್ನು ಪುಕ್ಕಟೆ ಆಳುಗಳನ್ನಾಗಿ ಬಳಸಬಾರದು. ದಿನವಿಡೀ ಕಳೆ ತೆಗೆಸುವುದು ಪಾಠವಲ್ಲ. 1986ರ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯಂತೆ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ನೇಮಿಸುವಂತಿಲ್ಲ. ಶಾಲೆಯ ವೇಳೆಯ ನಂತರ ತಮ್ಮ ಮನೆಯವರಿಗೆ ನೆರವಾಗಲು ವಿನಾಯಿತಿಯಿದೆ. ಬೀಜೋಪಚಾರದ ಔಷಧಿ, ಕೀಟನಾಶಕಗಳನ್ನು ವಿದ್ಯಾರ್ಥಿಗಳು ಮುಟ್ಟಬಾರದು. ಪರೀಕ್ಷೆಗೆ ಔಷಧಿ ಹಚ್ಚದ ಬೀಜವನ್ನೇ ಕೊಡಬೇಕು. ಹೆಣ್ಣುಮಕ್ಕಳನ್ನು ಈ ಕಲಿಕೆಯಿಂದ ಹೊರಗಿಡಬಾರದು. ನಮ್ಮ ಮನೆಗಳಲ್ಲಿ ಬೀಜ ಕಾಪಾಡಿಕೊಂಡು ಬಂದವರು ಹೆಚ್ಚಾಗಿ ಹೆಂಗಸರೇ.

ವಿಸ್ತರಣಾ ಕಾರ್ಯಕರ್ತರು ಬಿತ್ತನೆಗೆ ಮೂರು ವಾರ ಮೊದಲೇ ಮುಖ್ಯೋಪಾಧ್ಯಾಯರನ್ನು ಕಂಡು ದಿನ ಗೊತ್ತುಮಾಡಬೇಕು. ರೈತರು ಸುಮಾರು ಅರ್ಧ ಕಿಲೋ ಬೀಜವನ್ನು ಹೆಸರು ಬರೆದ ಚೀಟಿಯೊಡನೆ ಶಾಲೆಗೆ ಕಳುಹಿಸಿದರೆ ಸಾಕು. ಎಸ್.ಎಸ್.ಎಲ್.ಸಿ. ಮುಗಿಸಿ ಕಾಲೇಜಿಗೆ ಹೋದವನಿಗೂ, ಹೊಲದಲ್ಲೇ ನಿಂತವನಿಗೂ ಈ ವಿದ್ಯೆ ಉಪಯೋಗಕ್ಕೆ ಬರುತ್ತದೆ. ಮಗನೋ ಮಗಳೋ ಬರೆದು ತಂದ ಮೊಳಕೆಯ ಅಂಕಿಯನ್ನು ನೋಡಿ ತಂದೆ ಕೂರಿಗೆ ಹೂಡುವಂತಾದರೆ, ಆ ಊರಿನ ಶಾಲೆ ಊರಿಗೆ ನಿಜವಾಗಿ ಉಪಯೋಗಕ್ಕೆ ಬಂದಂತೆ.