ಗೆರೆ ಬದಲಾದಾಗ: ಕ್ಷೇತ್ರ ಪುನರ್ವಿಂಗಡಣೆಯ ಒಂದು ಪಾಠಾನುಭವ

ನನ್ನ ಬೋಧನಾ ವಿಷಯ ಗಣಿತ. ಗಜೇಂದ್ರಗಡ ಸಮೀಪದ ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆಯಲ್ಲಿದ್ದಾಗ ಸಮಾಜ ವಿಜ್ಞಾನ ಶಿಕ್ಷಕರು ರಜೆಯಲ್ಲಿದ್ದುದರಿಂದ ಒಂಬತ್ತನೆಯ ತರಗತಿಗೆ ಚುನಾವಣಾ ವ್ಯವಸ್ಥೆಯ ಪಾಠ ನನ್ನ ಪಾಲಿಗೆ ಬಂತು. ಕ್ಷೇತ್ರ ಪುನರ್ವಿಂಗಡಣೆಯನ್ನು ಗಣಿತದ ದಾರಿಯಲ್ಲಿ ಹೇಳೋಣವೆಂದುಕೊಂಡೆ.

ಚಟುವಟಿಕೆ: ಮೂರು ಅಡ್ಡಸಾಲು, ಐದು ಕಂಬಸಾಲುಗಳ ಹದಿನೈದು ಮನೆ ಬರೆಸಿದೆ. ಎಡಗಡೆಯ ಮೂರು ಕಂಬಸಾಲುಗಳಲ್ಲಿ ಕಡಲೆ, ಬಲಗಡೆಯ ಎರಡರಲ್ಲಿ ಹೆಸರುಕಾಳು. ಅಡ್ಡಸಾಲಿಗೊಂದರಂತೆ ಮೂರು ಕ್ಷೇತ್ರ ಮಾಡಿದರೆ ಮೂರರಲ್ಲೂ ಕಡಲೆಗೇ ಗೆಲುವು. ಮೊದಲ ಕಂಬಸಾಲು ಪೂರ್ತಿ ಮತ್ತು ಎರಡನೆಯದರ ಮೇಲಿನ ಎರಡು ಮನೆ ಸೇರಿಸಿ ಒಂದು ಕ್ಷೇತ್ರ ಮಾಡಿ, ಉಳಿದದ್ದನ್ನು ಜಾಣತನದಿಂದ ಎರಡು ಭಾಗ ಮಾಡಿದರೆ ಹೆಸರಿಗೆ ಎರಡು, ಕಡಲೆಗೆ ಒಂದು. ಕಾಳು ಅಷ್ಟೇ, ಗೆರೆ ಮಾತ್ರ ಬೇರೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಈ ಗೆರೆಯನ್ನು ಶಾಸಕರೇ ಎಳೆಯುತ್ತಾರೆ. ನಮ್ಮಲ್ಲಿ ಅದಕ್ಕೆ ಪ್ರತ್ಯೇಕ ಆಯೋಗವಿದೆ ಎಂದು ವಿವರಿಸಿದೆ.

ನಂತರ ನಮ್ಮ ನೆಲದ ಉದಾಹರಣೆ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ 2001ರ ಜನಗಣತಿಯ ಆಧಾರದ ಮೇಲೆ ಗೆರೆಗಳನ್ನು ಹೊಸದಾಗಿ ಎಳೆಯಿತು. 2008ರ ಮೇ ತಿಂಗಳ ವಿಧಾನಸಭಾ ಚುನಾವಣೆ ಹೊಸ ಗೆರೆಗಳ ಮೇಲೆ ನಡೆಯಿತು. ಒಟ್ಟು ಸ್ಥಾನ 224 ಹಾಗೆಯೇ ಉಳಿದರೂ ಗದಗ ಜಿಲ್ಲೆಯ ಮುಂಡರಗಿ ಕ್ಷೇತ್ರ ಇಲ್ಲವಾಯಿತು. ಶಿರಹಟ್ಟಿ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಲೋಕಸಭೆಗೆ ರೋಣ ಹಾವೇರಿ ಕ್ಷೇತ್ರದಲ್ಲಿದ್ದರೆ ಪಕ್ಕದ ನರಗುಂದ ಬಾಗಲಕೋಟೆಯಲ್ಲಿದೆ.

ಗೆರೆ ಬದಲಾದರೆ ಜನಪ್ರತಿನಿಧಿಯ ದಾರಿಯೂ ಬದಲಾಗುತ್ತದೆ ಎನ್ನಲು ಮಲ್ಲಿಕಾರ್ಜುನ ಖರ್ಗೆಯವರನ್ನು ಆರಿಸಿಕೊಂಡಿದ್ದೆ. ಅವರು 1972ರಿಂದ 2004ರವರೆಗೆ ಗುರುಮಿಠಕಲ್‌ನಿಂದ ಎಂಟು ಬಾರಿ ಸತತವಾಗಿ ಗೆದ್ದವರು. ಮೀಸಲಾಗಿದ್ದ ಆ ಕ್ಷೇತ್ರ 2008ರಲ್ಲಿ ಸಾಮಾನ್ಯವಾಯಿತು, ಚಿತ್ತಾಪುರ ಮೀಸಲಾಯಿತು. ಅವರು ಚಿತ್ತಾಪುರದಿಂದ ಸ್ಪರ್ಧಿಸಿ ಗೆದ್ದರು. ಮರುವರ್ಷ ಗುಲಬರ್ಗಾ ಲೋಕಸಭಾ ಕ್ಷೇತ್ರವೂ ಮೀಸಲಾಗಿ, ಅಲ್ಲಿಂದ ಸಂಸತ್ತಿಗೆ ಹೋದರು.

ಇಲ್ಲಿ ನಾನು ತಪ್ಪಿದೆ. "ಗುರುಮಿಠಕಲ್ ಸಾಮಾನ್ಯ ಕ್ಷೇತ್ರವಾದ್ದರಿಂದ ಅವರು ಅಲ್ಲಿ ನಿಲ್ಲುವಂತಿರಲಿಲ್ಲ" ಎಂದುಬಿಟ್ಟೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. "ಸಾಮಾನ್ಯ ಅಂದ್ರ ಎಲ್ಲಾರಿಗೂ ಅಲ್ಲೇನ್ರಿ ಸರ್? ಹಂಗಿದ್ರ ರೋಣದಾಗ ನಮ್ಮವ್ರು ನಿಲ್ಲಾಕ ಬರೂದಿಲ್ಲೇನ್ರಿ?"

ತರಗತಿ ಸುಮ್ಮನಾಯಿತು. ನಾನು "ನಾಳೆ ಹೇಳ್ತೀನಿ" ಎಂದು ಮುಂದಿನ ಅಂಶಕ್ಕೆ ಹೋದೆ. ಗಂಟೆ ಬಾರಿಸಿದ ಮೇಲೆ ಮಾರ್ಗದರ್ಶಕ ಶಿಕ್ಷಕರು, "ಕಾಳಿನ ಲೆಕ್ಕ ಚೊಲೊ ಆತು. ಆದ್ರ ಆ ಹುಡುಗಿ ಇವತ್ತು ಮನಿಗೆ ಏನು ತಗೊಂಡು ಹೋದ್ಲು ಅನ್ನೂದನ್ನ ವಿಚಾರ ಮಾಡ್ರಿ" ಎಂದರು.

ಮರುದಿನ ಮೊದಲು ಕಪ್ಪುಹಲಗೆಯ ಮೇಲೆ ಬರೆದೆ: ಮೀಸಲು ಕ್ಷೇತ್ರದಲ್ಲಿ ಆ ವರ್ಗದವರು ಮಾತ್ರ ಸ್ಪರ್ಧಿಸಬಹುದು, ಸಾಮಾನ್ಯ ಕ್ಷೇತ್ರದಲ್ಲಿ ಅರ್ಹತೆಯಿರುವ ಎಲ್ಲರೂ ಸ್ಪರ್ಧಿಸಬಹುದು. ನಿನ್ನೆ ನಾನು ಹೇಳಿದ್ದು ತಪ್ಪು ಎಂದು ಒಪ್ಪಿಕೊಂಡೆ. ಆ ಜನರ ಪ್ರಮಾಣ ಹೆಚ್ಚಿರುವ ಕಡೆ, ಆದರೆ ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹರಡುವಂತೆ ಆಯೋಗ ಮೀಸಲು ಕ್ಷೇತ್ರಗಳನ್ನು ಗುರುತಿಸುತ್ತದೆ ಎಂದೂ ತಿಳಿಸಿದೆ. ಆ ಹುಡುಗಿ ಮತ್ತೆ ಕೇಳಿದಳು: "ನಿಲ್ಲಾಕ ಬರತೈತಿ. ಟಿಕೆಟ್ ಕೊಡ್ತಾರೇನ್ರಿ?" ಅದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ, ಮೀಸಲಾತಿ ಇರುವುದೇ ಆ ಕಾರಣಕ್ಕೆ ಎಂದೆ. ಪಾಠದ ಉದ್ದೇಶ ಆ ಕ್ಷಣಕ್ಕೆ ಈಡೇರಿತು.

ಈ ಪಾಠ ಮಾಡುವ ಸಹಪಾಠಿಗಳಿಗೆ ಎರಡು ಸೂಚನೆ. ಕಾಳಿನ ಚಟುವಟಿಕೆಗೆ ಹದಿನೈದು ನಿಮಿಷ ಸಾಕು. 'ಸಾಮಾನ್ಯ', 'ಮೀಸಲು' ಎಂಬ ಪದಗಳ ಅರ್ಥವನ್ನು ಉದಾಹರಣೆಗಿಂತ ಮೊದಲೇ, ಮಕ್ಕಳ ಬಾಯಿಂದಲೇ ಹೇಳಿಸಿ. ನನ್ನ ಪಾಠಯೋಜನೆಯಲ್ಲಿ ಆ ಹಂತವೇ ಇರಲಿಲ್ಲ.